ವಾಲ್ವ್ ಆಂಪ್ ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿದೆ

ಅಜ್ಜನ ಮನೆಯ ವಾಲ್ವ್ ರೇಡಿಯೋ (ಟ್ರಾನ್ಸಿಸ್ಟರಿನ ಬದಲು ಕಾದ ಗಾಜಿನ ಕೊಳವೆಗಳು ಕೆಲಸ ಮಾಡುವಂಥದ್ದು) ಗುಂಡಿ ತಿರುಗಿಸಿದ ಮೇಲೆ ಅರ್ಧ ನಿಮಿಷ ಸುಮ್ಮನಿದ್ದು, ಗಂಟಲು ಸರಿಮಾಡಿಕೊಂಡು ಮಾತು ಶುರು ಮಾಡುತ್ತಿತ್ತು. ಆ ನೆನಪಿಗೆ ಮರುಳಾಗಿ ಮೂರು ವರ್ಷದ ಹಿಂದೆ ಆನ್‌ಲೈನಿನಲ್ಲಿ ಒಂದು ‘ಟ್ಯೂಬ್ ಆಂಪ್’, ಅಂದರೆ ವಾಲ್ವಿನಿಂದ ಸ್ಪೀಕರಿಗೆ ದನಿ ಜೋರು ಮಾಡಿ ಕೊಡುವ ಪೆಟ್ಟಿಗೆ, ತರಿಸಿದೆ. ಮೇಲೆ ಎರಡು ಪುಟ್ಟ ವಾಲ್ವು, ಚೆಂದದ ಕಿತ್ತಳೆ ಬೆಳಕು. ಹದಿನೈದು ದಿನ ಬಿಟ್ಟು ಬಿಚ್ಚಿ ನೋಡಿದರೆ ಬೆಳಕು ಬುಡದಲ್ಲಿ ಕೂರಿಸಿದ ಎಲ್‌ಇಡಿಯದು, ಸ್ಪೀಕರ್ ನಡೆಸುತ್ತಿದ್ದದ್ದು ಒಂದು ಚಿಪ್. ಪೆಟ್ಟಿಗೆ ಒಂದು ಕಿಲೋ ಕೂಡ ತೂಗುತ್ತಿರಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು. ವಾಲ್ವ್ ಆಂಪಿನ ಭಾರವೆಲ್ಲ ಟ್ರಾನ್ಸ್‌ಫಾರ್ಮರುಗಳದ್ದು: ಕರೆಂಟಿಗೊಂದು, ಎಡ ಬಲ ಚಾನೆಲ್ಲಿಗೆ ಒಂದೊಂದು ಔಟ್‌ಪುಟ್.

ಎರಡನೇ ಸಲ ವಾಲ್ವಿನ ಹೆಸರು ಹಿಡಿದು ಹುಡುಕಲಿಲ್ಲ. ಎಷ್ಟು ವ್ಯಾಟ್ ಸಾಕು ಅನ್ನುವುದು ಮೊದಲು ಗೊತ್ತಾಗಬೇಕಿತ್ತು. ನನ್ನ ಸ್ಪೀಕರು 8 ಓಮ್, ಸೆನ್ಸಿಟಿವಿಟಿ (ಕೊಟ್ಟ ಪವರಿಗೆ ಎಷ್ಟು ಜೋರು ಅನ್ನುವ ಲೆಕ್ಕ) 87 ಡಿಬಿ, ಕೋಣೆ 11ಕ್ಕೆ 14 ಅಡಿ. ಹಳೆಯ ಟ್ರಾನ್ಸಿಸ್ಟರ್ ಆಂಪಿನಲ್ಲಿ ಮೃದಂಗದ ತನಿಯಾವರ್ತನ ಹಾಕಿ, ಇನ್ನು ಜೋರು ಮಾಡಿದರೆ ಕೆಳಗಿನ ಮನೆಯವರು ಮೇಲೆ ಬರುತ್ತಾರೆ ಅನ್ನುವಲ್ಲಿಗೆ ವಾಲ್ಯೂಮ್ ನಿಲ್ಲಿಸಿದೆ. ಗುಂಡಿ ಮುಟ್ಟದೆ, ಸ್ಪೀಕರ್ ವೈರ್ ಬಿಚ್ಚಿ, ರೆಕಾರ್ಡಿಂಗಿನಲ್ಲಿ ಹಿಡಿಸುವ ಪೂರ್ಣ ಮಟ್ಟಕ್ಕಿಂತ 12 ಡಿಬಿ ಕೆಳಗಿನ 120 ಹರ್ಟ್ಸ್ ಟೋನ್ ಹಾಕಿ ಮಲ್ಟಿಮೀಟರಿನಲ್ಲಿ ಎಸಿ ವೋಲ್ಟ್ ನೋಡಿದೆ: 1.4. ಹನ್ನೆರಡು ಡಿಬಿ ಅಂದರೆ ನಾಲ್ಕು ಪಟ್ಟು ವೋಲ್ಟೇಜ್; ಅಲ್ಲಿಗೆ ತುತ್ತತುದಿ 5.6. ಅದರ ವರ್ಗವನ್ನು 8ರಿಂದ ಭಾಗಿಸಿದರೆ ಬಂದದ್ದು ನಾಲ್ಕೇ ವ್ಯಾಟ್! ನೂರು ವ್ಯಾಟಿನ ಆಂಪ್ ಇಟ್ಟುಕೊಂಡು ಇಷ್ಟು ವರ್ಷ ನಾನು ಬಳಸಿದ್ದು ಇಷ್ಟು.

ವೈರ್ ಬಿಚ್ಚುವ ಈ ಆಟ ಟ್ರಾನ್ಸಿಸ್ಟರಿನಲ್ಲಿ ಮಾತ್ರ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಏರಿ ಕಾಯಿಲೇ ಸುಟ್ಟುಹೋಗಬಹುದು.

300ಬಿ ಅನ್ನುವ ವಾಲ್ವಿನ, ಸುಮಾರು 8 ವ್ಯಾಟಿನ ಸಿಂಗಲ್ ಎಂಡೆಡ್ ಆಂಪ್ (ಚಾನೆಲ್ಲಿಗೆ ಒಂದೇ ವಾಲ್ವ್ ಸ್ಪೀಕರ್ ನಡೆಸುವಂಥದ್ದು) ಲೆಕ್ಕಕ್ಕೆ ಸಾಲುತ್ತಿತ್ತು. ಗೆಳೆಯನ ಮನೆಯಲ್ಲಿ ಕೇಳಿದೆ. ಹಾಡುವ ದನಿ ಎದುರಿಗೇ ಕೂತ ಹಾಗೆ, ನಿಜ. ಮೃದಂಗದ ಗುಮ್ಕಿ, ಆ ಆಳದ ಗುಂಯ್ ದನಿ, ಮಾತ್ರ ಸಡಿಲ. ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಒಂದು ಪಾಲು ಮರಳಿ ಒಳಕ್ಕೆ ಕೊಟ್ಟು ತಪ್ಪು ತಿದ್ದುವ ಏರ್ಪಾಡು) ಇಲ್ಲದ ಅಂಥ ಆಂಪಿನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಒಳಗಿನ ಅಡ್ಡಿ, ಹೆಚ್ಚು, ಸ್ಪೀಕರಿನ ಬಾಸ್ ಮೇಲೆ ಹಿಡಿತ ಕಡಿಮೆ. ಬೆಲೆಯಂತೂ ಕೇಳಬೇಡಿ. ನನಗೆ ಇಎಲ್84 ಅನ್ನುವ ವಾಲ್ವ್ ಜೋಡಿಯ ಪುಷ್‌ಪುಲ್ (ಒಂದು ತಳ್ಳಿದರೆ ಇನ್ನೊಂದು ಎಳೆಯುವ ಬಗೆ), ಚಾನೆಲ್ಲಿಗೆ 10 ವ್ಯಾಟ್, ಹಿಡಿಸಿತು.

ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕ ಮೊದಲನೆಯದನ್ನು ಬಿಟ್ಟೆ. ಅದು 220 ವೋಲ್ಟಿನದು, ನಮ್ಮ ಬೀದಿಯಲ್ಲಿ ರಾತ್ರಿ ಹತ್ತರ ಮೇಲೆ 243 ಬರುತ್ತದೆ. ಆಗ ವಾಲ್ವ್ ಕಾಯಿಸುವ, 6.3 ವೋಲ್ಟ್ ಸಿಗಬೇಕಾದ ಹೀಟರಿಗೆ ಹತ್ತಿರಹತ್ತಿರ 7 ವೋಲ್ಟ್. ವಾಲ್ವಿನ ಆಯುಸ್ಸು ಕರಗುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ 240 ವೋಲ್ಟಿಗೆ ಜೋಡಿಸುವ ಟ್ಯಾಪ್ ಇರುವುದು ಸಿಗಲು ಇನ್ನೂ ಎರಡು ತಿಂಗಳು ಕಾದೆ.

ವಾಲ್ವ್ ಹುಡುಕಲು ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅಲೆದಾಗ ಹಳೆಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಇಎಲ್84 ಆರು ಸಿಕ್ಕವು, ಅರವತ್ತರ ದಶಕದಿಂದ ನಮ್ಮ ಜಾಲಹಳ್ಳಿಯಲ್ಲೇ ರೇಡಿಯೋಗಳಿಗೆಂದು ತಯಾರಾಗುತ್ತಿದ್ದ ಮಾಲು. ಪುಷ್‌ಪುಲ್ಲಿನಲ್ಲಿ ಜೋಡೆತ್ತುಗಳ ಹಾಗೆ ಎರಡೂ ಸಮ ಎಳೆಯಬೇಕು. ಒಂದೊಂದನ್ನೇ ಸಾಕೆಟ್ಟಿಗೆ ಹಾಕಿ, ವಾಲ್ವಿನ ಕರೆಂಟ್ ಹಾಯುವ 270 ಓಮಿನ ಕ್ಯಾಥೋಡ್ ರೆಸಿಸ್ಟರ್ ಮೇಲಿನ ವೋಲ್ಟ್ ಬರೆದುಕೊಂಡೆ. ನಾಲ್ಕು ವಾಲ್ವು ಹತ್ತು ವೋಲ್ಟಿನ ಆಸುಪಾಸು, ಅಂದರೆ 37 ಮಿಲಿಆಂಪ್ ಕರೆಂಟ್. ಉಳಿದೆರಡು ಎಂಟಕ್ಕೇ ನಿಂತವು, ಅವನ್ನು ಡಬ್ಬಿಗೆ ಹಾಕಿದೆ. ಈ ಕೆಲಸಕ್ಕೆ ಒಂದು ಕೈ ಜೇಬಿನಲ್ಲೇ ಇರಲಿ: ಒಳಗೆ 300 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡಿರುತ್ತದೆ.

ಹಾಡಲಿ ಬಿಡಲಿ ಈ ವಾಲ್ವ್ ಆಂಪ್ ನೂರರ ಹತ್ತಿರ ವ್ಯಾಟ್ ಕುಡಿದು ಕೋಣೆ ಬಿಸಿ ಮಾಡುತ್ತದೆ. ಏಪ್ರಿಲಿನಲ್ಲಿ ಫ್ಯಾನ್ ಹಾಕಿದರೆ ತಂಬೂರಿ ಕೇಳದು, ಹಾಕದಿದ್ದರೆ ಬೆವರು. ಬೇಸಿಗೆಯ ಎರಡು ತಿಂಗಳು ಹಳೆಯ ಟ್ರಾನ್ಸಿಸ್ಟರನ್ನೇ ಮತ್ತೆ ಅಟ್ಟದಿಂದ ಇಳಿಸುತ್ತೇನೆ.