ಫೈಲ್ ನೋಡದೆ ದರ ಹೇಳಲಿಲ್ಲ: ಸಬ್‌ಟೈಟಲ್ ಕೆಲಸದ ನನ್ನ ಅನುಭವ

ಡಿಗ್ರಿ ಓದುತ್ತಿದ್ದಾಗಲೇ ನಾನು ವಿಡಿಯೊಗಳಿಗೆ ಸಬ್‌ಟೈಟಲ್ ಹಾಕಿಕೊಡೋ ಕೆಲಸ ಶುರು ಮಾಡಿದೆ. ಓದು ಮುಗಿದ ಮೇಲೂ ಅದನ್ನೇ ನೆಚ್ಚಿಕೊಂಡಿದ್ದೇನೆ. ಫ್ರೀಲ್ಯಾನ್ಸ್ ಮಾಡಬೇಕು ಅಂದುಕೊಂಡ ವಿದ್ಯಾರ್ಥಿಗಳು ನನ್ನ ಹತ್ತಿರ ಕೇಳೋದು ಎರಡೇ: ಕೆಲಸ ಎಲ್ಲಿ ಸಿಗುತ್ತೆ, ಎಷ್ಟು ಕೇಳಬೇಕು? ಎರಡನೆಯದಕ್ಕೆ ನನ್ನ ಹತ್ತಿರ ಗಟ್ಟಿಯಾದ ಉತ್ತರ ಇದೆ. ಫೈಲ್ ಕೈಗೆ ಬರೋ ತನಕ ದರ ಹೇಳಬೇಡಿ.

ಮೊದಲನೆಯದಕ್ಕೂ ಒಂದು ಮಾತು ಹೇಳಿಬಿಡುತ್ತೇನೆ. ನಾನು ಓದಿದ್ದು ಜೀವವಿಜ್ಞಾನ. ನಮ್ಮ ಕ್ಲಾಸಿನಲ್ಲಿ ಕಿವಿ ಸರಿಯಾಗಿ ಕೇಳದ ಒಬ್ಬ ಗೆಳತಿ ಇದ್ದಳು. ರೆಕಾರ್ಡ್ ಮಾಡಿದ ಪಾಠಗಳಿಗೆ ಸಾಫ್ಟ್‌ವೇರ್ ತಾನಾಗೇ ಹಾಕಿದ ಸಬ್‌ಟೈಟಲ್ ನೋಡಿಕೊಂಡು ಓದುತ್ತಿದ್ದಳು. ಅದರಲ್ಲಿ ಮೈಟೋಸಿಸ್ ಇರಬೇಕಾದ ಕಡೆ ಮಿಯೋಸಿಸ್ ಅಂತ ಬಂದಿರುತ್ತಿತ್ತು. ಎರಡೂ ಕೋಶ ಒಡೆದು ಹೊಸ ಕೋಶ ಆಗೋ ರೀತಿಗಳೇ, ಆದರೆ ಬೇರೆ ಬೇರೆ. ಒಂದರಲ್ಲಿ ಒಂದೇ ಥರದ ಎರಡು ಕೋಶ ಆಗುತ್ತವೆ, ಇನ್ನೊಂದರಲ್ಲಿ ಅರ್ಧ ವರ್ಣತಂತುಗಳ ನಾಲ್ಕು ಕೋಶ. ಪರೀಕ್ಷೆಗೆ ಓದುವವಳಿಗೆ ಇದು ಸಣ್ಣ ತಪ್ಪಲ್ಲ. ಅವಳಿಗಾಗಿ ಕೆಲವು ಪಾಠ ಸರಿಮಾಡಿಕೊಟ್ಟೆ. ಅದನ್ನು ನೋಡಿದ ಮೇಷ್ಟ್ರೊಬ್ಬರು ತಮ್ಮ ಉಳಿದ ಪಾಠಗಳಿಗೂ ಮಾಡಿಕೊಡಿ, ದುಡ್ಡು ಕೊಡುತ್ತೇನೆ ಅಂದರು. ವಿದ್ಯಾರ್ಥಿಯ ಹತ್ತಿರ ಅನುಭವ ಇರೋದಿಲ್ಲ, ನಿಜ. ಆದರೆ ಓದುತ್ತಿರೋ ವಿಷಯ ಗೊತ್ತಿರುತ್ತೆ. ಅದನ್ನೇ ಮುಂದಿಟ್ಟುಕೊಂಡು ಹೊರಟರೆ ಎಲ್ಲರ ಜೊತೆ ಪೈಪೋಟಿ ಮಾಡಬೇಕಾಗಿಲ್ಲ.

ಈಗ ದರದ ವಿಷಯ. 'ಒಂದು ಗಂಟೆ ವಿಡಿಯೊ ಇದೆ, ಎಷ್ಟಾಗುತ್ತೆ?' ಅಂತ ಕೇಳುತ್ತಾರೆ. ಅಳತೆ ತೆಗೆದುಕೊಳ್ಳದೆ ಹೊಲಿಗೆ ಕೂಲಿ ಹೇಳಿದ ಹಾಗಾಗುತ್ತೆ, ಇದಕ್ಕೆ ಸುಮ್ನೆ ಒಂದು ಸಂಖ್ಯೆ ಹೇಳಿಬಿಟ್ಟರೆ. ಒಬ್ಬರೇ ನಿಧಾನವಾಗಿ ಮಾತಾಡೋ ಪಾಠಕ್ಕೂ, ನಾಲ್ಕು ಜನ ಒಬ್ಬರ ಮೇಲೊಬ್ಬರು ಮಾತಾಡೋ ಚರ್ಚೆಗೂ ಅಜಗಜಾಂತರ. ಹಾಗಾಗಿ ನಾನು ಪೂರ್ತಿ ವಿಡಿಯೊ ತರಿಸಿಕೊಂಡು, ಮಧ್ಯದಿಂದ ಐದು ನಿಮಿಷದ ತುಣುಕು ತೆಗೆದುಕೊಳ್ಳುತ್ತಿದ್ದೆ. ಶುರುವಿನ ಐದು ನಿಮಿಷ ನಂಬೋ ಹಾಗಿಲ್ಲ. ಆಗ ಎಲ್ಲರೂ ಮೈಕಿನ ಹತ್ತಿರ ಕೂತು ಸ್ಪಷ್ಟವಾಗಿ ಮಾತಾಡುತ್ತಾರೆ. ಆ ತುಣುಕನ್ನು ನಿಜವಾಗಿಯೂ ಮುಗಿಸಿ, ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟುಕೊಳ್ಳುತ್ತಿದ್ದೆ. ಐದು ನಿಮಿಷಕ್ಕೆ 50 ನಿಮಿಷ ಹಿಡಿದರೆ ಒಂದು ಗಂಟೆಯ ವಿಡಿಯೊಗೆ 10 ಗಂಟೆ ಬೇಕು. ಕೊನೆಗೆ ಒಂದು ಸಲ ಪೂರ್ತಿ ನೋಡೋಕೆ ಇನ್ನೂ ಒಂದು ಗಂಟೆ ಮೇಲೆ. ನನ್ನ ಲೆಕ್ಕ ಗಂಟೆಯದು. ಕ್ಲೈಂಟಿಗೆ ಹೇಳೋದು ಮಾತ್ರ ವಿಡಿಯೊದ ಪ್ರತಿ ನಿಮಿಷಕ್ಕೆ ಇಷ್ಟು ಅಂತ, ಯಾಕಂದ್ರೆ ಅದನ್ನು ಅವರೇ ಗುಣಿಸಿ ನೋಡಬಹುದು.

ಇಷ್ಟು ಹೊತ್ತು ಯಾಕೆ ಹಿಡಿಯುತ್ತೆ ಅಂತ ಹೊರಗಿನವರಿಗೆ ಗೊತ್ತಾಗೋದಿಲ್ಲ. ಸಬ್‌ಟೈಟಲ್ ಬರೆದಿಡೋ ಎಸ್‌ಆರ್‌ಟಿ ಫೈಲ್ ತೆರೆದರೆ ಕಾಣೋದು ಬರೀ ಕ್ರಮಸಂಖ್ಯೆ, ಅದರ ಕೆಳಗೆ 00:01:12,400 --> 00:01:15,100 ಅಂತ ಎರಡು ಸಮಯ, ಆಮೇಲೆ ಮಾತು. ಆದರೆ ಆ ಮಾತು ಓದೋಕೆ ಆಗಬೇಕಲ್ವಾ? ಇಂಗ್ಲಿಷ್ ಸಬ್‌ಟೈಟಲ್‌ಗೆ ನೆಟ್‌ಫ್ಲಿಕ್ಸ್ ಇಟ್ಟಿರೋ ಮಿತಿ ಸಾಲಿಗೆ 42 ಅಕ್ಷರ, ಹೆಚ್ಚೆಂದರೆ ಎರಡು ಸಾಲು, ಒಂದು ಸಬ್‌ಟೈಟಲ್ ಪರದೆ ಮೇಲೆ 7 ಸೆಕೆಂಡಿಗಿಂತ ಜಾಸ್ತಿ ನಿಲ್ಲಬಾರದು. ನಾನು ಯಾರ ಕೆಲಸ ಮಾಡಿದರೂ ಇದೇ ಶಿಸ್ತು ಇಟ್ಟುಕೊಂಡೆ. ಸಬ್‌ಟೈಟಲ್ ಎಡಿಟ್ ಅನ್ನೋ ಉಚಿತ ಸಾಫ್ಟ್‌ವೇರ್ ಸಾಕು, ಓದೋ ವೇಗ ಮಿತಿ ಮೀರಿದ ಸಾಲನ್ನು ಅದೇ ಬಣ್ಣ ಹಚ್ಚಿ ತೋರಿಸುತ್ತೆ. ದುಡ್ಡು ಕೊಟ್ಟು ಏನೂ ಕೊಳ್ಳಬೇಕಾಗಿ ಬರಲಿಲ್ಲ.

ಮಾಡಿದ ತುಣುಕನ್ನು ದರದ ಜೊತೆಗೇ ಕಳಿಸುತ್ತಿದ್ದೆ. ಪರಿಚಯಪತ್ರಕ್ಕಿಂತ ಅದು ಜಾಸ್ತಿ ಕೆಲಸ ಮಾಡಿತು. ತಮ್ಮದೇ ವಿಡಿಯೊ, ತಮ್ಮದೇ ಮಾತು ಅಚ್ಚುಕಟ್ಟಾಗಿ ಕಂಡಾಗ ಚೌಕಾಸಿ ತಾನಾಗೇ ಕಡಿಮೆಯಾಗುತ್ತೆ. ಜೊತೆಗೆ ಹೀಗೊಂದು ಸಂದೇಶ:

"ನೀವು ಕೊನೆಯದಾಗಿ ಎಡಿಟ್ ಮಾಡಿದ ವಿಡಿಯೊ ಬಂದ ಮೇಲೆ ಕೆಲಸ ಶುರು ಮಾಡುತ್ತೇನೆ. ಅರ್ಧ ಹಣ ಮುಂಗಡ, ಉಳಿದದ್ದು ಫೈಲ್ ಕೊಟ್ಟಾಗ. ನಾನು ತಪ್ಪು ಕೇಳಿಸಿಕೊಂಡದ್ದನ್ನು ಯಾವಾಗ ತೋರಿಸಿದರೂ ದುಡ್ಡಿಲ್ಲದೆ ತಿದ್ದಿಕೊಡುತ್ತೇನೆ. ವಿಡಿಯೊ ಮತ್ತೆ ಕತ್ತರಿಸಿದರೆ ಅದಕ್ಕೆ ಬೇರೆ ದರ."

ಕೊನೆಯ ಸಾಲು ಬಹಳ ಮುಖ್ಯ. ಶುರುವಿನಲ್ಲಿ ಹತ್ತು ಸೆಕೆಂಡ್ ತೆಗೆದರೂ ಮುಂದಿನ ಪ್ರತಿ ಸಾಲಿನ ಸಮಯವೂ ಬದಲಾಗುತ್ತೆ. ಹಾಗಂತ ಎಲ್ಲದಕ್ಕೂ ದುಡ್ಡು ಕೇಳಬಾರದು. ಒಬ್ಬ ಕ್ಲೈಂಟ್ 'ಎಲ್ಲಾ ತಪ್ಪಾಗಿದೆ, ಮಾತೇ ಒಂದು, ಅಕ್ಷರವೇ ಒಂದು' ಅಂತ ಬರೆದರು. ಮೊದಲ ಸಾಲು, ಕೊನೆಯ ಸಾಲು ಎರಡನ್ನೂ ನೋಡಿದೆ. ಎರಡರಲ್ಲೂ ಒಂದೇ ಅಂತರ ಇದ್ದರೆ ಶುರುವಿನಲ್ಲಿ ಏನೋ ಸೇರಿಸಿದ್ದಾರೆ ಇಲ್ಲವೇ ತೆಗೆದಿದ್ದಾರೆ ಅಂತ ಅರ್ಥ. ಇಲ್ಲಿ ಮೊದಲ ಸಾಲು ಸರಿಯಿತ್ತು, ಮುಂದೆ ಹೋದಂತೆ ಅಂತರ ಬೆಳೆಯುತ್ತಿತ್ತು. ಅಂದರೆ ಫ್ರೇಮ್ ರೇಟ್, ಅಂದ್ರೆ ಒಂದು ಸೆಕೆಂಡಿಗೆ ಓಡೋ ಚಿತ್ರಗಳ ಸಂಖ್ಯೆ, ಬೇರೆ. ನನಗೆ ಕೊಟ್ಟಿದ್ದು ಪ್ರತಿ ಸೆಕೆಂಡಿಗೆ 25 ಫ್ರೇಮಿನದು, ಅವರ ಹತ್ತಿರ ಇದ್ದದ್ದು ಅದೇ ವಿಡಿಯೊ 23.976 ಫ್ರೇಮಿನಲ್ಲಿ ನಿಧಾನವಾಗಿ ಓಡೋದು. ಒಂದು ಗಂಟೆ ಮುಗಿಯೋ ಹೊತ್ತಿಗೆ ಎರಡೂವರೆ ನಿಮಿಷದಷ್ಟು ವ್ಯತ್ಯಾಸ ಬಂದುಬಿಡುತ್ತೆ. ಸಾಫ್ಟ್‌ವೇರಿನಲ್ಲಿ ಫ್ರೇಮ್ ರೇಟ್ ಬದಲಿಸಿದರೆ ಮುಗಿಯಿತು. ಅದಕ್ಕೆ ದುಡ್ಡು ಕೇಳಲಿಲ್ಲ. ಕಾರಣವನ್ನೂ ಬಿಡಿಸಿ ಬರೆದೆ. ಆಮೇಲೆ ಅವರು ಪ್ರತಿ ಸಲ ನನ್ನನ್ನೇ ಹುಡುಕಿಕೊಂಡು ಬಂದರು.

ಆನ್‌ಲೈನ್ ವೇದಿಕೆಗಳನ್ನೂ ಬಳಸಿದೆ. ಹೊಸಬರಿಗೆ ಅವು ಬೇಕು. ಆದರೆ ಕಮಿಷನ್ ಮೊದಲೇ ಲೆಕ್ಕಕ್ಕೆ ಹಿಡಿಯಿರಿ: ಫೈವರ್ ನಾವು ಗಳಿಸಿದ್ದರಲ್ಲಿ 20% ಇಟ್ಟುಕೊಳ್ಳುತ್ತೆ. ಬಂದ ಹಣದಲ್ಲಿ ತೆರಿಗೆಗೂ ಒಂದು ಪಾಲು ಆಗಲೇ ತೆಗೆದಿಡೋದು ಒಳ್ಳೇದು.

ಪರೀಕ್ಷೆ ಇರುವಾಗ ಹೊಸ ಕೆಲಸ ಒಪ್ಪಿಕೊಳ್ಳುತ್ತಿರಲಿಲ್ಲ. ವೇಳಾಪಟ್ಟಿ ಬಂದ ದಿನವೇ ಹಳೇ ಕ್ಲೈಂಟ್‌ಗಳಿಗೆ 'ಈ ದಿನದಿಂದ ಈ ದಿನದ ತನಕ ನಾನು ಸಿಗೋದಿಲ್ಲ' ಅಂತ ಬರೆಯುತ್ತಿದ್ದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಕೆಲವರು ಅದಕ್ಕೂ ಮುಂಚೆಯೇ ಕೆಲಸ ಕಳಿಸೋಕೆ ಶುರು ಮಾಡಿದರು.

ಡಿಗ್ರಿ ಮುಗಿದ ಮೇಲೆ ದರ ಏರಿಸಬೇಕಾಯಿತು. ಇದೇ ಕಷ್ಟದ ಕೆಲಸ. ಕೈಯಲ್ಲಿರೋ ಕೆಲಸ ಹಳೇ ದರದಲ್ಲೇ ಮುಗಿಸಿದೆ. ಮುಂದಿನ ಕೆಲಸದಿಂದ ಹೊಸ ದರ ಅಂತ ಎರಡು ಸಾಲು ಬರೆದೆ. ಕೆಲವರು ಬಿಟ್ಟು ಹೋದರು. ಉಳಿದವರಲ್ಲಿ ಆ ಮೇಷ್ಟ್ರೂ ಇದ್ದರು. 'ಇಷ್ಟು ತಡ ಯಾಕೆ ಮಾಡಿದೆಯಮ್ಮ?' ಅಂತ ಕೇಳಿ, ಹೊಸ ಸೆಮಿಸ್ಟರಿನ ಪಾಠಗಳನ್ನೆಲ್ಲ ಒಟ್ಟಿಗೆ ಕಳಿಸಿದರು.