ನೆಟ್‌ನ ಬಳಿ ನಿಂತು ಆಡುವುದು: ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ನನ್ನ ಅನುಭವ

ದಕ್ಷಿಣ ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಹಾಕಿ ಮೈದಾನಗಳೆಲ್ಲ ಕೆಸರಾಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ ಹೊತ್ತು ಆಟ ಬೇಕೆನ್ನುವವರೆಲ್ಲ ಒಳಾಂಗಣಕ್ಕೆ ಬರುವುದರಿಂದ, ಗೋಣಿಕೊಪ್ಪಲಿನಲ್ಲಿ ನಾವು ಆಡುವ ಕಡೆ ಆ ತಿಂಗಳುಗಳಲ್ಲಿ ಸಿಂಗಲ್ಸ್ ಆಡುತ್ತೇನೆ ಎಂದರೆ ಯಾರೂ ಅಂಕಣ ಬಿಟ್ಟುಕೊಡುವುದಿಲ್ಲ. ಜೋಡಿ ಕಟ್ಟುವಾಗ ಸ್ಮ್ಯಾಶ್ (ಮೇಲಿನಿಂದ ಕೆಳಕ್ಕೆ ಬಿರುಸಾಗಿ ಹೊಡೆಯುವ ಹೊಡೆತ) ಬಲವಾಗಿರುವವರು ಹಿಂದೆ, ಉಳಿದವರು ಮುಂದೆ ಎಂಬುದು ನಮ್ಮಲ್ಲಿ ಯಾರೂ ಪ್ರಶ್ನಿಸದ ಪದ್ಧತಿ. ಹಾಗೆ ಮುಂದಿನ ಜಾಗ ನನ್ನ ಪಾಲಿಗೆ ಬಂತು. ಆ ಜಾಗವನ್ನು ಕೈಚಳಕದ ಜಾಗವೆಂದು ಬಹಳ ಮಂದಿ ಭಾವಿಸಿದ್ದಾರೆ. ನನ್ನ ಅನುಭವದಲ್ಲಿ ಅದು ಮೊದಲು ನಿಲ್ಲುವ ಮತ್ತು ನೋಡುವ ಕೆಲಸ. ಕೈಯ ಕೆಲಸ ಆಮೇಲಿನದು. ಮುಂದೆ ನಿಂತವನು ಪ್ರತಿ ಅಂಕವನ್ನೂ ತಾನೇ ಮುಗಿಸಬೇಕಾಗಿಲ್ಲ. ಹಿಂದಿನವರಿಗೆ ಸ್ಮ್ಯಾಶ್ ಸಿಗುವಂತೆ ಎದುರಾಳಿಗಳು ಶಟಲನ್ನು ಮೇಲಕ್ಕೆ ಎತ್ತಿಕೊಡದೆ ಬೇರೆ ದಾರಿ ಇಲ್ಲದಂತೆ ಮಾಡಿದರೆ ಅವನ ಕೆಲಸ ಮುಕ್ಕಾಲು ಮುಗಿದ ಹಾಗೆ.

ನಿಲ್ಲುವ ಜಾಗವನ್ನೇ ಮೊದಲು ಹೇಳುತ್ತೇನೆ. ನೆಟ್‌ನಿಂದ 1.98 ಮೀಟರ್ ದೂರದಲ್ಲಿ ಶಾರ್ಟ್ ಸರ್ವಿಸ್ ಗೆರೆ ಇದೆ. ಅದಕ್ಕೆ ನಡುಗೆರೆ ಸೇರುವ ಜಾಗವನ್ನು ನಾವು ಟಿ ಎನ್ನುತ್ತೇವೆ. ಹಿಂದಿನಿಂದ ಜೊತೆಗಾರ ಸ್ಮ್ಯಾಶ್ ಹೊಡೆಯುವಾಗ ನಾನು ನಿಲ್ಲುವುದು ಈ ಟಿಗಿಂತ ಒಂದು ಹೆಜ್ಜೆ ಹಿಂದೆ. ನೆಟ್‌ಗೆ ಅಂಟಿಕೊಂಡು ನಿಂತವನಿಗೆ ಡ್ರಾಪ್ (ನೆಟ್‌ನ ಹತ್ತಿರವೇ ಬೀಳುವ ಮೆಲುಹೊಡೆತ) ಬಿಟ್ಟು ಬೇರೇನೂ ಸಿಗುವುದಿಲ್ಲ, ಚಪ್ಪಟೆಯಾಗಿ ಬರುವ ಡ್ರೈವ್‌ಗಳೆಲ್ಲ ಅವನು ರಾಕೆಟ್ ತಿರುಗಿಸುವಷ್ಟರಲ್ಲಿ ದಾಟಿ ಹೋಗಿರುತ್ತವೆ. ಒಂದು ಹೆಜ್ಜೆ ಹಿಂದಿದ್ದರೆ ಕಣ್ಣಿಗೂ ಕೈಗೂ ತುಸು ಸಮಯ ಸಿಗುತ್ತದೆ, ಮುಂದಕ್ಕೆ ಬಿದ್ದ ಶಟಲನ್ನು ಒಂದೇ ದಾಪುಗಾಲಿನಲ್ಲಿ ಮುಟ್ಟಲೂ ಬಹುದು. ಎಡಬಲದ ಲೆಕ್ಕವೂ ಇದೆ. ಜೊತೆಗಾರ ಬಲಮೂಲೆಯಿಂದ ನೇರವಾಗಿ ಹೊಡೆದರೆ ಎದುರಾಳಿಯಿಂದ ಅತಿ ಬೇಗ ಬರಬಹುದಾದ ಉತ್ತರವೂ ಅದೇ ಬದಿಯ ನೇರ ಹೊಡೆತ. ಆದ್ದರಿಂದ ನಾನು ನಡುಗೆರೆಯಿಂದ ಸ್ವಲ್ಪ ಬಲಕ್ಕೆ ಸರಿದಿರುತ್ತೇನೆ. ಓರೆಯಾಗಿ ಇನ್ನೊಂದು ಬದಿಗೆ ಬರುವ ಕ್ರಾಸ್ ಹೊಡೆತ ಹೆಚ್ಚು ದೂರ ಸಾಗಿ ಬರಬೇಕಾದುದರಿಂದ ಅದಕ್ಕೆ ಓಡಲು ಕಾಲಾವಕಾಶ ಇರುತ್ತದೆ.

ಕಣ್ಣಿನ ವಿಷಯದಲ್ಲಿ ನಾನು ಒಂದೇ ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ: ಹಿಂದಿರುಗಿ ನೋಡಬಾರದು. ಜೊತೆಗಾರ ಏನು ಹೊಡೆಯುತ್ತಾನೆಂದು ಕತ್ತು ತಿರುಗಿಸಿದವನು ಮುಖ ಮುಂದೆ ತರುವಷ್ಟರಲ್ಲಿ ಶಟಲ್ ಎದೆಗೆ ಬಂದಿರುತ್ತದೆ. ಏಟಿನ ಸದ್ದಿನಲ್ಲೇ ಸ್ಮ್ಯಾಶೋ ಡ್ರಾಪೋ ಎಂಬುದು ತಿಳಿಯುತ್ತದೆ. ಕಣ್ಣು ಇರಬೇಕಾದದ್ದು ಎದುರಾಳಿಯ ರಾಕೆಟ್ಟಿನ ಮೇಲೆ. ರಾಕೆಟ್ಟಿನ ಮುಖ ಮೇಲಕ್ಕೆ ತೆರೆದುಕೊಂಡು ತೋಳು ಕೆಳಗಿನಿಂದ ಬಂದರೆ ಲಿಫ್ಟ್ (ಶಟಲನ್ನು ಮೇಲಕ್ಕೆ ಎತ್ತುವ ಹೊಡೆತ), ಮುಖ ನೆಟ್ಟಗಿದ್ದು ಮೊಣಕೈ ಮುಂದೆ ಬಂದರೆ ಡ್ರೈವ್. ಇದನ್ನು ಕಲಿಯಲು ನಾನು ಆಡದ ಹೊತ್ತಿನಲ್ಲಿ ಅಂಕಣದ ಪಕ್ಕದಲ್ಲಿ ಕುಳಿತು, ಶಟಲನ್ನು ಬಿಟ್ಟು, ರಕ್ಷಿಸುವವರ ಕೈಯನ್ನಷ್ಟೇ ನೋಡುತ್ತಾ ಮುಂದಿನ ಹೊಡೆತವನ್ನು ಮನಸ್ಸಿನಲ್ಲೇ ಊಹಿಸುತ್ತಿದ್ದೆ. ಎದುರಾಳಿ ಹೊಡೆಯುವ ಕ್ಷಣಕ್ಕೆ ಸರಿಯಾಗಿ ಎರಡೂ ಕಾಲುಗಳ ಮೇಲೆ ಸಣ್ಣದಾಗಿ ಕುಪ್ಪಳಿಸಿ ನೆಲ ಮುಟ್ಟುವ ಅಭ್ಯಾಸವೂ ಇದರೊಂದಿಗೇ ಬಂತು; ಈ ಸಣ್ಣ ಜಿಗಿತ ತಪ್ಪಿದರೆ ಊಹೆ ಎಷ್ಟು ಸರಿಯಿದ್ದರೂ ಕಾಲು ಕದಲುವುದಿಲ್ಲ.

ಕೊಡಗಿನವರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ನಮ್ಮ ಒಳಾಂಗಣಕ್ಕೆ ಬರುವ ಹೆಚ್ಚಿನವರು ಹಾಕಿ ಆಡಿ ಬೆಳೆದವರು. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ತಮ್ಮ ಮನೆತನದ ಪರವಾಗಿ ಮೈದಾನಕ್ಕಿಳಿದವರೂ ಅವರಲ್ಲಿದ್ದಾರೆ. ಮೊಣಕಾಲು ಬಗ್ಗಿಸಿ ನಿಲ್ಲುವುದು, ಮಣಿಕಟ್ಟನ್ನು ಸಡಿಲವಾಗಿ ಇಟ್ಟುಕೊಳ್ಳುವುದು ಹಾಕಿಯಿಂದ ಬಂದ ಲಾಭ. ಆದರೆ ಹಾಕಿ ಕೋಲಿನ ಜಾಗ ನೆಲದ ಬಳಿ, ಆದ್ದರಿಂದ ದಣಿವಾದ ಕೂಡಲೇ ರಾಕೆಟ್ಟಿನ ತಲೆಯೂ ತಾನಾಗಿ ಸೊಂಟದ ಕೆಳಗೆ ಇಳಿಯುತ್ತದೆ. ನೆಟ್ ನಡುವಿನಲ್ಲಿ 1.524 ಮೀಟರ್ ಎತ್ತರ ಇರುವುದರಿಂದ, ರಾಕೆಟ್ ಕೆಳಗಿದ್ದವನು ಅದನ್ನು ಮೇಲೆ ತರುವಷ್ಟರಲ್ಲಿ ಶಟಲ್ ನೆಟ್‌ನ ಮಟ್ಟಕ್ಕಿಂತ ಕೆಳಗಿಳಿದು, ತಾನೇ ಎತ್ತಿಕೊಡಬೇಕಾದ ಸ್ಥಿತಿಗೆ ಬರುತ್ತಾನೆ. ರಾಕೆಟ್ಟಿನ ತಲೆ ಹುಬ್ಬಿನ ಮಟ್ಟದಲ್ಲಿ, ಮೈಯಿಂದ ಒಂದು ಮೊಳ ಮುಂದೆ ಇರಬೇಕೆಂದು ನಾನು ಗುರುತಿಟ್ಟುಕೊಂಡಿದ್ದೇನೆ.

ಹಿಡಿತದ ಬಗ್ಗೆಯೂ ಒಂದೆರಡು ಮಾತು ಅಗತ್ಯ. ಹಿಂದೆ ಆಡುವಾಗ ಹಿಡಿಯ ತುದಿಯಲ್ಲಿ ಹಿಡಿಯುವ ನಾನು ಮುಂದೆ ಬಂದಾಗ ಬೆರಳುಗಳನ್ನು ಮೇಲಕ್ಕೆ ಸರಿಸಿ, ಹೆಬ್ಬೆರಳು ತೋರುಬೆರಳುಗಳು ಕೋನ್‌ನ (ಹಿಡಿಯು ಮೇಲೆ ಸಪೂರವಾಗಿ ದಂಡಕ್ಕೆ ಸೇರುವ ಭಾಗ) ಬಳಿ ಬರುವಂತೆ ಗಿಡ್ಡವಾಗಿ ಹಿಡಿಯುತ್ತೇನೆ. ಇದರಿಂದ ತಲುಪುವ ದೂರ ಸ್ವಲ್ಪ ಕಡಿಮೆಯಾದರೂ ರಾಕೆಟ್ ಬೇಗ ತಿರುಗುತ್ತದೆ. ಹಿಡಿತ ಸಡಿಲವಾಗಿಯೇ ಇದ್ದು ಶಟಲ್ ತಾಗುವ ಕ್ಷಣದಲ್ಲಿ ಮಾತ್ರ ಬೆರಳುಗಳು ಬಿಗಿಯಬೇಕು. ತೋಟದಲ್ಲಿ ಹಣ್ಣು ಕಾಫಿ ಬಿಡಿಸುವಾಗ ತೋಳು ಅಲುಗದೆ ಬೆರಳಷ್ಟೇ ತಿರುಗುವ ಹಾಗೆ ಈ ಹೊಡೆತ. ಕೈಬೀಸಿ ಹೊಡೆದರೆ ರಾಕೆಟ್ ನೆಟ್‌ಗೆ ತಾಗಿ ಫೌಲ್ ಆಗುತ್ತದೆ. ಜೊತೆಗೆ ಶಟಲನ್ನು ನಮ್ಮ ಬದಿಯಲ್ಲೇ ಮುಟ್ಟಬೇಕೆಂಬ ನಿಯಮವೂ ಇದೆ, ಮುಟ್ಟಿದ ಮೇಲೆ ರಾಕೆಟ್ ನೆಟ್‌ನ ಮೇಲಿಂದ ಆಚೆ ಹೋದರೆ ತೊಂದರೆ ಇಲ್ಲ. ಅಭ್ಯಾಸಕ್ಕೆ ಮನೆಯ ಗೋಡೆಯೇ ಸಾಕಾಯಿತು. ಗೋಡೆಯಿಂದ ಎರಡು ಮೀಟರಿನಷ್ಟು ದೂರ ನಿಂತು ಹಳೆಯ ನೈಲಾನ್ ಶಟಲನ್ನು ಮುಖದ ಎತ್ತರದಲ್ಲಿ ಒಂದೇ ಸಮನೆ ತಟ್ಟುತ್ತಾ, ಫೋರ್‌ಹ್ಯಾಂಡ್‌ನಿಂದ (ರಾಕೆಟ್ ಕೈಯ ಬದಿಯ ಹೊಡೆತ) ಬ್ಯಾಕ್‌ಹ್ಯಾಂಡ್‌ಗೆ (ಅದರ ಎದುರು ಬದಿಯದು) ಹೆಬ್ಬೆರಳನ್ನು ಹೊರಳಿಸುವುದನ್ನು ರೂಢಿಸಿಕೊಂಡೆ. ಮಳೆಯ ಸದ್ದಿಗೆ ಮನೆಯವರಿಗೆ ಕಿರಿಕಿರಿಯೂ ಆಗಲಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಸರ್ವ್ ಮತ್ತು ಅದಕ್ಕೆ ಎದುರಾಳಿಯ ಉತ್ತರ ಬಂದ ಮೇಲೆ ನಾವು ಆಡುವ ಮೂರನೆಯ ಹೊಡೆತದ ಅಭ್ಯಾಸ. ಶಟಲ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರುವಾಗಲೇ ಸರ್ವ್ ಮಾಡಬೇಕೆಂಬ ನಿಯಮ 2018ರಲ್ಲಿ ಬಂದ ಮೇಲೆ, ನನ್ನಂತೆ ಅಷ್ಟೇನೂ ಎತ್ತರವಿಲ್ಲದವರಿಗೆ ಮೊದಲಿಗಿಂತ ತುಸು ಮೇಲಿನಿಂದ ಸರ್ವ್ ಮಾಡುವ ಅನುಕೂಲ ಸಿಕ್ಕಿದೆ. ಬ್ಯಾಕ್‌ಹ್ಯಾಂಡ್‌ನಲ್ಲಿ ಗಿಡ್ಡ ಸರ್ವ್ ತಳ್ಳಿದ ಮರುಕ್ಷಣವೇ ರಾಕೆಟ್ ಮೇಲೇರಬೇಕು. ಸರ್ವ್ ಎಷ್ಟು ಚೆನ್ನಾಗಿ ಬಿತ್ತೆಂದು ನೋಡುತ್ತಾ ನಿಲ್ಲುವುದಕ್ಕೆ ಸಮಯವಿಲ್ಲ. ನಾನೂ ಜೊತೆಗಾರರೂ ಮಾಡಿಕೊಂಡ ಒಪ್ಪಂದ ಸರಳವಾದುದು: ನೆಟ್‌ನ ಬಳಿ ಬಿದ್ದದ್ದು ಎಡವಾಗಲಿ ಬಲವಾಗಲಿ ನನ್ನದು, ನನ್ನ ಭುಜವನ್ನು ದಾಟಿದ್ದು ಹಿಂದಿನವರದು. ಮೂರನೆಯ ಹೊಡೆತದಲ್ಲಿ ನಾನು ಗೆರೆಯ ಅಂಚನ್ನು ಹುಡುಕುವುದಿಲ್ಲ. ಎದುರಾಳಿಯ ರಾಕೆಟ್ ಹಿಡಿದ ಕೈಯ ಬದಿಯ ಸೊಂಟಕ್ಕೆ ಶಟಲನ್ನು ತಳ್ಳುತ್ತೇನೆ. ಡಬಲ್ಸ್‌ನಲ್ಲಿ ರಕ್ಷಿಸುವವರು ಹೆಚ್ಚಾಗಿ ಬ್ಯಾಕ್‌ಹ್ಯಾಂಡ್ ಹಿಡಿತದಲ್ಲೇ ಕಾಯುತ್ತಿರುವುದರಿಂದ ಆ ಜಾಗಕ್ಕೆ ಬಂದದ್ದನ್ನು ಮೊಣಕೈ ಮಡಚಿಕೊಂಡು ಹೇಗೋ ಎತ್ತಿ ಕಳುಹಿಸುತ್ತಾರೆ, ಹಿಂದೆ ಕಾಯುತ್ತಿರುವವರಿಗೆ ಬೇಕಾದದ್ದೂ ಅದೇ.

ಬಿಡುವುದನ್ನು ಕಲಿಯುವುದು ಹೊಡೆಯುವುದನ್ನು ಕಲಿಯುವುದಕ್ಕಿಂತ ತಡವಾಗುತ್ತದೆ. ನನ್ನ ಜೊತೆಗಾರರು ನನಗಿಂತ ಹಿರಿಯರು, ಅವರನ್ನು ಅಣ್ಣ ಎಂದೇ ಕರೆಯುತ್ತೇನೆ. ತಲೆಯ ಮೇಲಿನಿಂದ ಹೋಗುವ ಶಟಲ್‌ಗೆ ನಾನು ಕೈ ಚಾಚಿದಾಗಲೆಲ್ಲ ಅವರು "ಬಿಡೋ, ನಂದು" ಎಂದು ಕೂಗುತ್ತಿದ್ದರು. ಒಂದು ಸಂಜೆ ಆಟ ಮುಗಿದ ಮೇಲೆ "ನೀನು ಮುಟ್ಟಿದ್ದು ನನಗೂ ಸಿಗಲ್ಲ, ನಿನಗೂ ಸಿಗಲ್ಲ, ಅರ್ಧ ಕೈಗೆ ಬಂದದ್ದನ್ನು ಬಿಟ್ಟುಬಿಡು" ಎಂದರು. "ಆಯ್ತಣ್ಣ, ಆದರೆ ಬಿಟ್ಟ ಮೇಲೆ ನೀವು ಬೈಯಬಾರದು" ಎಂದೆ. ಅಂದಿನಿಂದ ರಾಕೆಟ್ಟಿನ ನಡುಭಾಗದಲ್ಲಿ, ನನ್ನ ಮೈಯ ಮುಂದೆ ಮುಟ್ಟಬಹುದಾದದ್ದನ್ನು ಮಾತ್ರ ಆಡುತ್ತೇನೆ. ನಾನೇ ಲಿಫ್ಟ್ ಮಾಡಬೇಕಾಗಿ ಬಂದರೆ ಹತ್ತಿರದ ಬದಿಗೆ ಹಿಂದೆ ಸರಿಯುತ್ತೇನೆ. ಅಣ್ಣನಿಗೆ ನಾನು ಕಾಣುತ್ತೇನೆ, ನನಗೆ ಅವರು ಕಾಣುವುದಿಲ್ಲ. ಹಾಗಾಗಿ ಉಳಿದ ಬದಿಗೆ ಹೊಂದಿಕೊಳ್ಳುವ ಹೊಣೆ ಅವರದು.

ಕೊಡಗಿನ ಮೂಲದ ಅಶ್ವಿನಿ ಪೊನ್ನಪ್ಪ ಅವರು ಜ್ವಾಲಾ ಗುಟ್ಟಾ ಜೊತೆ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ, 2011ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದಾಗಿನಿಂದ ಇಲ್ಲಿ ಎಲ್ಲರ ಬಾಯಲ್ಲೂ ಅವರ ಸ್ಮ್ಯಾಶಿನ ಮಾತೇ. ಸ್ಮ್ಯಾಶ್ ನೋಡುವುದು ಸುಖವೇ ಸರಿ, ಆದರೆ ನನ್ನಂಥವರು ವಿಡಿಯೊಗಳಲ್ಲಿ ನೋಡಬೇಕಾದದ್ದು ಹೊಡೆಯದೆ ನಿಂತವರನ್ನು. ಭಾರತದ ಡಬಲ್ಸ್ ಜೋಡಿಯಲ್ಲಿ ಸಾತ್ವಿಕ್ ಹಿಂದಿನಿಂದ ಹೊಡೆಯುವಾಗ ಚಿರಾಗ್ ಶೆಟ್ಟಿ ಎಲ್ಲಿ ನಿಂತಿರುತ್ತಾರೆ, 2017 ಮತ್ತು 2018ರಲ್ಲಿ ಗಿಡಿಯಾನ್ ಜೊತೆ ಆಲ್ ಇಂಗ್ಲೆಂಡ್ ಟೂರ್ನಿ ಗೆದ್ದ ಇಂಡೊನೇಷ್ಯಾದ ಕೆವಿನ್ ಸಂಜಯ ಸರ್ವ್ ಮಾಡಿದ ಮೇಲೆ ಯಾವ ಕಡೆ ವಾಲುತ್ತಾರೆ ಎಂಬುದನ್ನು ನಿಧಾನಗತಿಯಲ್ಲಿ ನೋಡಿದಾಗ ಕಲಿತದ್ದು ಬಹಳ.

ಮಳೆಗಾಲದಲ್ಲಿ ನೆಲ ಬೆವರುತ್ತದೆ. ಮುಂದೆ ದಾಪುಗಾಲು ಹಾಕುವವನು ಜಾರಿದರೆ ತೊಡೆಸಂದಿನ ಸ್ನಾಯುವಿಗೆ ಪೆಟ್ಟಾಗುವುದರಿಂದ, ಆಟದ ಶೂಗಳನ್ನು ಒಳಗೆ ಬಂದ ಮೇಲೆಯೇ ಹಾಕಿಕೊಂಡು, ಟಿಯ ಸುತ್ತ ಒಣಬಟ್ಟೆಯಿಂದ ಒರೆಸಿ ಆಟಕ್ಕಿಳಿಯುತ್ತೇನೆ. ಸದ್ಯ ನನಗೆ ಸವಾಲಾಗಿರುವುದು ಎಡಗೈ ಆಟಗಾರರು. ರಾಕೆಟ್ ಕೈಯ ಸೊಂಟ ಅವರಲ್ಲಿ ಎಡಕ್ಕೆ ಬರುವುದರಿಂದ ನನ್ನ ಕೈಗೆ ರೂಢಿಯಾದ ತಳ್ಳುವಿಕೆ ನೇರವಾಗಿ ಅವರ ಬ್ಯಾಕ್‌ಹ್ಯಾಂಡ್‌ಗೆ ಹೋಗಿ ಅಷ್ಟೇ ಬೇಗ ವಾಪಸು ಬರುತ್ತದೆ. ಈಗ ವಿರಾಜಪೇಟೆಯಿಂದ ಬರುವ ಎಡಗೈ ಹುಡುಗನೊಬ್ಬನನ್ನು ಎದುರಿಗೆ ನಿಲ್ಲಿಸಿಕೊಂಡು, ಆಟ ಶುರುವಾಗುವ ಮುನ್ನ ಮೂರನೆಯ ಹೊಡೆತವೊಂದನ್ನೇ ಮತ್ತೆ ಮತ್ತೆ ಆಡುತ್ತಿದ್ದೇನೆ.