ಅಂಟು ಹಾಕದೆ ಹಾಸಿದ ಟಿಪಿಒ ಶೀಟ್: ಗಾಳಿಬೀಡಿನ ತಾರಸಿಯಲ್ಲಿ ನನ್ನ ಅನುಭವ

ಕೊಡಗಿನಲ್ಲಿ ಆರ್‌ಸಿಸಿ ತಾರಸಿ ಸೋರಿದರೆ ಎಲ್ಲರದ್ದೂ ಒಂದೇ ಮಾತು: ಮೇಲೆ ತಗಡಿನ ಶೀಟ್ ಹಾಕ್ಸಿ. ಮಡಿಕೇರಿ ಹತ್ತಿರದ ಗಾಳಿಬೀಡಿನ ಒಂದು ಮನೆಯ ತಾರಸಿಗೆ ನಾನು ಟಿಪಿಒ (ಬಿಸಿ ಗಾಳಿಯಲ್ಲಿ ಬೆಸೆಯುವ, ನೀರು ತಡೆಯುವ ಪ್ಲಾಸ್ಟಿಕ್ ಹಾಳೆ) ಹಾಸುತ್ತೇನೆ, ಅದೂ ಅಂಟು ಇಲ್ಲದೆ ಅಂದಾಗ ನನ್ನ ಮೇಸ್ತ್ರಿಯೇ ನಂಬಲಿಲ್ಲ. ಗಾಳಿಬೀಡಿನ ಗಾಳಿಗೆ ಹಾರಿ ಹೋಗುತ್ತೆ ಅಂದರು. ಹಲವು ಕಕ್ಕಡ (ಜುಲೈ-ಆಗಸ್ಟ್) ಮಳೆ ಕಳೆದಿದೆ, ಒಂದು ತುದಿಯೂ ಎದ್ದಿಲ್ಲ.

ಆ ತಾರಸಿಗೆ ಮೊದಲು ಇದ್ದದ್ದು ಬೆಂಕಿಯಲ್ಲಿ ಕಾಯಿಸಿ ಅಂಟಿಸುವ ಡಾಂಬರಿನ ಟಾರ್ಚ್ ಶೀಟ್. 2018ರ ಆಗಸ್ಟ್ ಮಳೆಗೆ ಅದರ ಜಾಯಿಂಟ್‌ಗಳೆಲ್ಲ ಬಾಯಿ ಬಿಟ್ಟವು. ಆಮೇಲೆ ಬೇರೆಯವರು ಬಂದು ಇಪಿಡಿಎಂ ಅನ್ನುವ ರಬ್ಬರ್ ಹಾಳೆ ಅಂಟಿಸಿದರು. ಮಾಲು ಒಳ್ಳೆಯದೇ, ಆದರೆ ಅದನ್ನು ಬಿಸಿ ಮಾಡಿ ಬೆಸೆಯಲು ಬರುವುದಿಲ್ಲ, ಟೇಪು ಅಂಟೇ ಗತಿ. ನಮ್ಮ ಸ್ಲ್ಯಾಬ್ ಮೇಲಿಂದ ಒಣಗಿದಂತೆ ಕಂಡರೂ ಒಳಗಿನ ಪಸೆ ಬೇಸಿಗೆವರೆಗೂ ಇರುತ್ತದೆ. ಮಾರ್ಚ್ ಬಿಸಿಲಿಗೆ ಆ ಪಸೆ ಆವಿಯಾಗಿ ಹಪ್ಪಳದ ಹಾಗೆ ಗುಳ್ಳೆ ಎದ್ದಿತು. ಮನೆಯವರಿಗೆ ಎಂಬತ್ತು ಸಾವಿರದ ಹತ್ತಿರ ನೀರುಪಾಲು.

ಅದಕ್ಕೇ ಅಂಟು ಬೇಡ ಅಂದೆ. ಕೆಳಗೆ ದಪ್ಪ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಒಳಗೆ ಪಾಲಿಯೆಸ್ಟರ್ ಜಾಲ ಇರುವ 1.5 ಎಂಎಂ ಟಿಪಿಒ ಶೀಟ್. ಆವಿ ಒಂದೇ ಕಡೆ ಒತ್ತದೆ ಬಟ್ಟೆಯಲ್ಲಿ ಹರಡಿಕೊಳ್ಳುತ್ತದೆ. ಗಾಳಿಗೆ ಹಿಡಿಯುವುದು ಓವರ್‌ಲ್ಯಾಪ್ ಒಳಗಿನ ಸ್ಕ್ರೂ, ಪ್ಲೇಟು. ತಾರಸಿಯ ನಡುವೆ ಅಡಿಗೊಂದು, ಅಂಚಿನಲ್ಲಿ ಅರ್ಧ ಅಡಿಗೊಂದು. ಸೋರುವ ಸ್ಲ್ಯಾಬಿಗೆ ಇನ್ನೂ ತೂತು ಹೊಡೀತೀರಾ ಅಂತ ಮನೆಯೊಡತಿ ಗಾಬರಿಯಾದರು. ಸ್ಕ್ರೂ ಮೇಲೆ ಮುಂದಿನ ಶೀಟ್ ಕೂತು ಬೆಸುಗೆ ಆಗುತ್ತದೆ ಅಲ್ವಾ, ಅಲ್ಲಿ ನೀರಿಗೆ ದಾರಿಯೇ ಇಲ್ಲ.

ತಲೆನೋವು ಕೊಟ್ಟದ್ದು ಕರೆಂಟು. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಶೀಟ್ ಬೆಸೆಯುವ ಹಾಟ್ ಏರ್ ಗನ್ನಿನ ಶಾಖ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬೀಳುತ್ತದೆ. ನೋಡಲು ಬೆಸುಗೆ ಚೆನ್ನಾಗಿಯೇ ಕಾಣುತ್ತದೆ, ಎಳೆದರೆ ಕಾಗದದಂತೆ ಬಿಚ್ಚಿಕೊಳ್ಳುತ್ತದೆ. ಜನರೇಟರ್ ಬಾಡಿಗೆಗೆ ತಂದ ಮೇಲೆ ಸರಿಹೋಯಿತು. ಬೆಳಿಗ್ಗೆ ಮಂಜು ಪೂರ್ತಿ ಹೋಗಿ ಅಂಚು ಒಣಗುವವರೆಗೆ ಗನ್ ಮುಟ್ಟುವುದಿಲ್ಲ. ಪ್ರತಿದಿನ ಮೊದಲು ಒಂದು ತುಂಡು ಬೆಸೆದು, ತಣಿದ ಮೇಲೆ ಕಟಿಂಗ್ ಪ್ಲೇಯರ್‌ನಲ್ಲಿ ಎಳೆಯುತ್ತೇನೆ. ಜಾಯಿಂಟ್ ಬಿಡಬಾರದು, ಮೇಲಿನ ಪದರ ಕಿತ್ತು ಒಳಗಿನ ಜಾಲ ಕಾಣಬೇಕು. ಕಂಡರೆ ಕೆಲಸ ಶುರು.

ಪ್ಯಾರಾಪೆಟ್ ಮೇಲೆ ಮುಕ್ಕಾಲು ಅಡಿ ಹತ್ತಿಸಿ ಅಲ್ಯೂಮಿನಿಯಂ ಪಟ್ಟಿ ಹೊಡೆದೆ. ಮೂಲೆಗೆ ಜಾಲವಿಲ್ಲದ ಮೆತ್ತನೆ ಶೀಟ್. ನೀರಿಳಿಯುವ ಪೈಪಿನ ಬಾಯಲ್ಲಿ ನಾನು ಶೀಟ್ ಮಡಿಸುವ ರೀತಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಸಾವಿರದ ನೂರು ಚದರಡಿ ಇತ್ತು. ಮಾಲು, ಸಾಗಣೆ, ಕೂಲಿ ಸೇರಿ ಚದರಡಿಗೆ ಸುಮಾರು 150 ರೂಪಾಯಿ ಬಿತ್ತು. ತಗಡಿಗೆ ಅವರಿಗೆ ಸಿಕ್ಕಿದ್ದ ಕೊಟೇಶನ್ ಎರಡು ಲಕ್ಷದ ಮೇಲೆ. ಇಂಥ ಕೆಲಸಕ್ಕೆ ಕಾಫಿ ಕೊಯ್ಲು ಮುಗಿದ ಮೇಲೇ ಕೈ ಹಾಕಿ, ಮೊದಲಾದರೆ ಆಳು ಸಿಗಲ್ಲ.

ಉಳಿದ ತುಂಡುಗಳ ಮೇಲೆ ಕರಿಮೆಣಸು ಒಣಗಿಸಿ ನೋಡಿದೆ. ಬಿಳಿ ಬದಿ ಬಿಸಿಲನ್ನು ವಾಪಸ್ ಕಳಿಸುತ್ತದೆ, ತಡವಾಯಿತು. ಮಗುಚಿ ಬೂದು ಬದಿ ಮೇಲೆ ಮಾಡಿದಾಗ ಬೇಗ ಒಣಗಿತು. ಈಗ ದನದ ಕೊಟ್ಟಿಗೆಯ ಸೂರಿನ ಮಳೆನೀರು ಹರಿಯುವ ಹಳೇ ದೋಣಿಗೆ ಒಳಗಿನಿಂದ ಅದೇ ತುಂಡುಗಳನ್ನು ಒಂದಕ್ಕೊಂದು ಬೆಸೆದು ಹಾಕಿದ್ದೇನೆ. ಈ ಮಳೆಗಾಲದಲ್ಲಿ ಅದರ ಪರೀಕ್ಷೆ.